ಸಿಂಹ ಐದು ದಿನದಿಂದ ಅಟ್ಟದ ಮೇಲಿತ್ತು, ರಾಜನ ಕಾಗದ ಬಂದಿರಲಿಲ್ಲ

ಓದುಗರ ಪ್ರಶ್ನೆ: ರಾಜರು ತಿಂಗಳುಗಟ್ಟಲೆ ದಂಡೆತ್ತಿ ಹೋಗುತ್ತಿದ್ದರು ಅಂತ ಓದುತ್ತೇವೆ. ಆಗ ಊರಿನ ಆಡಳಿತ ಯಾರ ಕೈಯಲ್ಲಿ ಇರುತ್ತಿತ್ತು? ಫೋನು, ತಂತಿ ಏನೂ ಇಲ್ಲದ ಕಾಲದಲ್ಲಿ ಬರೀ ಪತ್ರ ಬರೆದು ರಾಜ್ಯ ನಡೆಸೋದು ನಿಜವಾಗಿಯೂ ಸಾಧ್ಯವಿತ್ತಾ? ಅರಮನೆಯಲ್ಲಿ ಉಳಿದ ರಾಣಿಗೆ ಏನಾದರೂ ಅಧಿಕಾರ ಇತ್ತಾ, ಅಥವಾ ಅವಳು ಹೆಸರಿಗೆ ಮಾತ್ರ ರಾಣಿಯಾ?

ಉತ್ತರ: ಸಾಧ್ಯವಿತ್ತು. ಆದರೆ ನಾವು ಸಾಮಾನ್ಯವಾಗಿ ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ರಾಜ ಡೇರೆಯಲ್ಲಿ ಕೂತು ಅಪ್ಪಣೆ ಬರೆಸಿದ, ಊರಲ್ಲಿದ್ದವರು ಹಾಗೇ ಮಾಡಿದರು ಅಂತ ನಮ್ಮ ಕಲ್ಪನೆ. ನಿಜವಾದ ಪತ್ರಗಳನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ರಾಜ ಬರೆದದ್ದಕ್ಕಿಂತ ರಾಜನಿಗೆ ಬಂದ ಪತ್ರಗಳೇ ಜಾಸ್ತಿ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: "ಹೀಗಾಗಿದೆ, ಏನು ಮಾಡಲಿ? ಒಡೆಯ ಬರೆದು ತಿಳಿಸಲಿ." ಉತ್ತರ ಬರುವ ತನಕ ಕಾಯಬೇಕಾ, ಕಾಯದೆ ತಾನೇ ಮಾಡಿಬಿಡಬೇಕಾ? ರಾಜ್ಯ ನಡೆಯುತ್ತಿದ್ದದ್ದು ಈ ತೀರ್ಮಾನದ ಮೇಲೆ.

ಇದನ್ನು ಒಂದೇ ಊರಿನ ಕಥೆ ಇಟ್ಟುಕೊಂಡು ಹೇಳುತ್ತೇನೆ. ಆ ಊರಿನ ಹೆಸರು ಮಾರಿ. ನಮ್ಮ ಮಾರಿಯಮ್ಮನಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಈಗಿನ ಸಿರಿಯಾದಲ್ಲಿ, ಇರಾಕ್ ಗಡಿಗೆ ಹತ್ತಿರ, ಯೂಫ್ರಟಿಸ್ ನದಿಯ ದಂಡೆಯ ಮೇಲಿದ್ದ ನಗರ. ಆ ದಿಬ್ಬಕ್ಕೆ ಈಗ ತೆಲ್ ಹರೀರಿ ಎಂದು ಹೆಸರು. 1933ರಲ್ಲಿ ಅಲ್ಲಿನ ಜನ ಒಂದು ಗೋರಿಗೆ ಕಲ್ಲು ಹುಡುಕಿ ಅಗೆಯುತ್ತಿದ್ದಾಗ ತಲೆಯಿಲ್ಲದ ಒಂದು ಪ್ರತಿಮೆ ಸಿಕ್ಕಿತು. ಅದೇ ವರ್ಷದ ಕೊನೆಗೆ ಫ್ರಾನ್ಸಿನ ಆಂದ್ರೆ ಪಾರೋ ಉತ್ಖನನ ಶುರು ಮಾಡಿದರು. ಎರಡೂವರೆ ಹೆಕ್ಟೇರಿನಷ್ಟು ಹರಡಿದ್ದ ಅರಮನೆ ಹೊರಬಂತು. ಅದರ ಕೋಣೆಗಳಲ್ಲಿ ಸುಮಾರು 20,000 ಮಣ್ಣಿನ ಹಲಗೆಗಳು ಸಿಕ್ಕವು. ಲೆಕ್ಕಪತ್ರ ಬಹಳ, ಜೊತೆಗೆ ಸಾವಿರಾರು ಕಾಗದಗಳು. "ಕಾಗದ" ಅಂತ ಅಭ್ಯಾಸಬಲದಿಂದ ಬರೆಯುತ್ತಿದ್ದೇನೆ. ಅವು ಜೇಡಿಮಣ್ಣಿನ ಬಿಲ್ಲೆಗಳು, ಹೆಚ್ಚಿನವು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡವು. ಮಣ್ಣು ಹಸಿಯಿರುವಾಗ ಜೊಂಡಿನ ಕಡ್ಡಿ ಒತ್ತಿ ಬೆಣೆಲಿಪಿಯಲ್ಲಿ ಬರೆಯುತ್ತಿದ್ದರು. ಒಣಗಿದ ಮೇಲೆ ತೆಳ್ಳಗಿನ ಮಣ್ಣಿನ ಲಕೋಟೆ ಸುತ್ತಿ ಮುದ್ರೆ ಉರುಳಿಸುತ್ತಿದ್ದರು. ತಲುಪಿದವರು ಆ ಲಕೋಟೆ ಒಡೆದೇ ಓದಬೇಕು. ನಡುವೆ ಯಾರಾದರೂ ಒಡೆದಿದ್ದರೆ ತಕ್ಷಣ ಗೊತ್ತಾಗುತ್ತದೆ.

ಕಾಲ ಕ್ರಿ.ಪೂ. ಸುಮಾರು 1775ರಿಂದ 1761. ರಾಜನ ಹೆಸರು ಜಿಮ್ರಿ-ಲಿಮ್. ರಾಣಿ ಶಿಬ್ತು, ಅಲೆಪ್ಪೊದ ಬಲಿಷ್ಠ ರಾಜ ಯಾರಿಮ್-ಲಿಮ್‌ನ ಮಗಳು. ಜಿಮ್ರಿ-ಲಿಮ್ ಬಹಳಷ್ಟು ದಿನ ಊರಲ್ಲೇ ಇರುತ್ತಿರಲಿಲ್ಲ. ಉತ್ತರಕ್ಕೆ, ಹಬೂರ್ ನದಿಯ ಮೇಲಿನ ನಾಡಿನಲ್ಲಿ ಸಣ್ಣ ಸಣ್ಣ ಅರಸರು ದಿನಕ್ಕೊಂದು ಪಕ್ಷ ಹಿಡಿಯುತ್ತಿದ್ದರು. ಅವರನ್ನು ಹದ್ದಿನಲ್ಲಿಡಲು ಪದೇ ಪದೇ ದಂಡು ಕಟ್ಟಿಕೊಂಡು ಹೋಗಬೇಕಿತ್ತು. ಆಗ ಮಾರಿಯ ಅರಮನೆ ಬಹ್ದಿ-ಲಿಮ್ ಎಂಬ ಅಧಿಕಾರಿಯ ಕೈಯಲ್ಲಿ. ನದಿಯ ಮೇಲ್ಗಡೆ ಇದ್ದ ತೆರ್ಕಾದಲ್ಲಿ ಕಿಬ್ರಿ-ದಗಾನ್, ಹಬೂರ್ ದಂಡೆಯ ಸಗ್ಗರಾತುಮ್‌ನಲ್ಲಿ ಯಕ್ಕಿಮ್-ಅದ್ದು. ಕಾರ್ಖಾನೆಗಳ ಉಸ್ತುವಾರಿಗೆ ಮುಕನ್ನಿಶುಮ್. ಇವರೆಲ್ಲರ ಪತ್ರಗಳೂ ನಮಗೆ ಸಿಕ್ಕಿವೆ.

ಮೊದಲು ಸಿಂಹದ ಪತ್ರ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಯಕ್ಕಿಮ್-ಅದ್ದುವಿನ ಸೀಮೆಯ ಒಂದು ಹಳ್ಳಿಯಲ್ಲಿ ಯಾರದೋ ಮನೆಯ ಅಟ್ಟದ ಮೇಲೆ ಸಿಂಹ ಸಿಕ್ಕಿಬಿತ್ತು. ಸಿಂಹ ಅಂದರೆ ರಾಜನ ಬೇಟೆ, ಬೇರೆಯವರು ಕೊಲ್ಲುವ ಹಾಗಿಲ್ಲ. ಅವನು ರಾಜನಿಗೆ ಬರೆದ: ಒಡೆಯ ಬರುವ ತನಕ ಅದು ಅಟ್ಟದ ಮೇಲೇ ಇರಬೇಕಾದರೆ ಬರೆದು ತಿಳಿಸಲಿ, ನಾನೇ ಕಳಿಸಬೇಕಾದರೂ ಬರೆದು ತಿಳಿಸಲಿ. ಎಷ್ಟು ಹುಷಾರಾದ ಕಾಗದ ನೋಡಿ, ಎರಡು ದಾರಿ ಇಟ್ಟು ಆಯ್ಕೆ ರಾಜನಿಗೇ ಬಿಟ್ಟಿದ್ದಾನೆ. ಉತ್ತರ ಬರಲಿಲ್ಲ. ಆಮೇಲೆ ಬರೆದ ಎರಡನೇ ಕಾಗದದಲ್ಲಿ ಹೇಳುತ್ತಾನೆ: ಒಡೆಯನ ಕಾಗದ ತಡವಾಯಿತು. ಸಿಂಹ ಅಟ್ಟದ ಮೇಲೆ ಇದ್ದು ಐದು ದಿನವಾಯಿತು. ಒಂದು ನಾಯಿ, ಒಂದು ಹಂದಿ ಎಸೆದರು. ಅದಕ್ಕೇನಾದರೂ ಆದೀತು ಅಂತ ನನಗೆ ಭಯವಾಯಿತು. ಮರದ ಬೋನಿಗೆ ಹೊಗಿಸಿ, ದೋಣಿಗೆ ಹಾಕಿ, ಒಡೆಯನ ಹತ್ತಿರ ಕಳಿಸಿದ್ದೇನೆ.

ದೂರದಲ್ಲಿರುವ ರಾಜನ ಕಾಗದ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಸಿಂಹಕ್ಕೆ ಹಸಿವು. ಕೆಳಗೆ ಮನೆಯವರಿಗೆ ಪ್ರಾಣಭಯ. ಹಾಗಂತ ಸಿಂಹ ಸತ್ತರೆ ರಾಜ ಕೇಳುವುದು ತನ್ನನ್ನೇ. ಐದನೇ ದಿನ ಯಕ್ಕಿಮ್-ಅದ್ದು ಒಂದು ತೀರ್ಮಾನಕ್ಕೆ ಬಂದ. ಮಾಡಿದ ಕೂಡಲೇ ಯಾಕೆ ಹಾಗೆ ಮಾಡಿದೆ ಅನ್ನೋದನ್ನೂ ಬರೆದು ಹಾಕಿದ. ರಾಜನ ಅಪ್ಪಣೆಯನ್ನು ಅವನು ಮೀರಲಿಲ್ಲ, ಅಪ್ಪಣೆಗಾಗಿ ಕಾಯುತ್ತಲೂ ಕೂರಲಿಲ್ಲ. ಪತ್ರದ ಮೂಲಕ ನಡೆಯುವ ರಾಜ್ಯಕ್ಕೆ ಇಂಥ ಮನುಷ್ಯರು ಬೇಕು.

ಎಲ್ಲದಕ್ಕೂ ಹೀಗೆ ಕಾಯದೆ ನಡೆದರಾ? ಇಲ್ಲ. ಬಹ್ದಿ-ಲಿಮ್‌ನ ಒಂದು ಕಾಗದ ಇದೆ, ಓದಿದರೆ ಮೈ ಜುಮ್ಮೆನ್ನುತ್ತದೆ. ಹನಾ ಎಂಬ ಕುರಿಗಾಹಿ ಜನರನ್ನು ದಂಡಿಗೆ ಸೇರಿಸಲು ಒಂದು ದಿನ ಗೊತ್ತು ಮಾಡಿದ್ದರು. ಅದು ಕಳೆದು ಐದು ದಿನವಾದರೂ ಅವರು ಪೂರ್ತಿ ಸೇರಲಿಲ್ಲ. ಆಗ ಅವನು ಬರೆಯುತ್ತಾನೆ: ಒಡೆಯನಿಗೆ ಒಪ್ಪಿಗೆಯಾದರೆ, ಸೆರೆಮನೆಯಲ್ಲಿರುವ ಒಬ್ಬ ಅಪರಾಧಿಯನ್ನು ಕೊಂದು, ಅವನ ತಲೆಯನ್ನು ಊರೂರಿಗೆ ತಿರುಗಿಸಲಿ, ಜನ ಹೆದರಿ ಬೇಗ ಸೇರುತ್ತಾರೆ. ಎಂಥ ಭಯಂಕರ ಮಾತು. ಇಲ್ಲೂ ಐದು ದಿನ, ಅಲ್ಲೂ ಐದು ದಿನ. ಆದರೆ ಇಲ್ಲಿ ಬಹ್ದಿ-ಲಿಮ್ ತಾನಾಗಿ ಕೈ ಹಾಕಲಿಲ್ಲ, ಕೇಳಿದ. ಸಿಂಹವನ್ನು ದೋಣಿಗೆ ಹತ್ತಿಸುವುದು ತನ್ನ ಮಟ್ಟದ ಕೆಲಸ, ಒಬ್ಬನ ತಲೆ ತೆಗೆಸುವುದು ರಾಜನ ಮಟ್ಟದ್ದು. ಆ ಗೆರೆ ಎಲ್ಲಿದೆ ಅಂತ ಯಾವ ಹಲಗೆಯ ಮೇಲೂ ಬರೆದಿರಲಿಲ್ಲ. ಆದರೂ ಇವರಿಗೆಲ್ಲ ಗೊತ್ತಿತ್ತು.

ಇದೇ ಬಹ್ದಿ-ಲಿಮ್ ರಾಜನಿಗೆ ಬುದ್ಧಿ ಹೇಳಲೂ ಹಿಂಜರಿಯಲಿಲ್ಲ. ಒಡೆಯ ಕುದುರೆ ಹತ್ತುವುದು ಬೇಡ, ಹೇಸರಗತ್ತೆ ಕಟ್ಟಿದ ಗಾಡಿಯಲ್ಲಿ ಹೋಗಲಿ, ರಾಜತನಕ್ಕೆ ಅದೇ ಮರ್ಯಾದೆ ಅಂತ ಬರೆದಿದ್ದಾನೆ. ಆಗ ರಾಜನಿಗೆ ಕುದುರೆ ಸವಾರಿ ಗೌರವದ ವಿಷಯವಾಗಿರಲಿಲ್ಲ. ಹೀಗೆ ಬರೆಯಬಲ್ಲವನು ಬರೀ ಹೂಂ ಅನ್ನುವ ನೌಕರ ಅಲ್ಲ, ಅಲ್ವಾ?

ರಾಜನ ಕಡೆಯಿಂದ ಹೋದ ಪತ್ರಗಳು ಹೇಗಿದ್ದವು? ಚುಟುಕು, ಖಚಿತ. ಆಂದರಿಗ್ ಎಂಬ ಊರಿಗೆ ಮುತ್ತಿಗೆ ಹಾಕಿದ್ದಾಗ ಜಿಮ್ರಿ-ಲಿಮ್ ಮುಕನ್ನಿಶುಮ್‌ಗೆ ಬರೆಸಿದ ಕಾಗದ ನೋಡಿ. ಕಂಚಿನ ಬಾಣದ ಮೊನೆ ಮಾಡಿಸು: 5 ಶೆಕೆಲ್ ತೂಕದವು 50, 3 ಶೆಕೆಲಿನವು 50, 2 ಶೆಕೆಲಿನವು 100, 1 ಶೆಕೆಲಿನವು 200. ಒಂದು ಶೆಕೆಲ್ ಅಂದರೆ ಸುಮಾರು 8 ಗ್ರಾಂ. ಬೇಗ ಆಗಬೇಕು, ಮುತ್ತಿಗೆ ಇನ್ನೂ ಎಳೆಯುವ ಹಾಗೆ ಕಾಣುತ್ತಿದೆ, ಅದಕ್ಕೇ ಬರೆದಿದ್ದೇನೆ. ಆ ಕೊನೆಯ ಮಾತು ನನಗೆ ಬಹಳ ಇಷ್ಟ. ರಾಜ ಕಾರಣ ಹೇಳುತ್ತಿದ್ದಾನೆ. ಕಾರಣ ಗೊತ್ತಿದ್ದರೆ ಕೆಲಸಗಾರ ಮುಂದಿನದನ್ನು ತಾನೇ ಯೋಚಿಸುತ್ತಾನೆ, ಇನ್ನೊಂದು ಕಾಗದಕ್ಕೆ ಕಾಯಬೇಕಿಲ್ಲ.

ಈಗ ಓದುವವನ ವಿಷಯ. ಈ ಪತ್ರಗಳೆಲ್ಲ ಶುರುವಾಗುವುದು ಹೀಗೆ: "ನನ್ನ ಒಡೆಯನಿಗೆ ಹೇಳು. ನಿನ್ನ ಸೇವಕ ಯಕ್ಕಿಮ್-ಅದ್ದು ಹೀಗೆನ್ನುತ್ತಾನೆ." ಯಾರಿಗೆ "ಹೇಳು" ಅಂದದ್ದು? ಓದುವ ಬರಹಗಾರನಿಗೆ. ರಾಜ ಪತ್ರ ಓದುತ್ತಿರಲಿಲ್ಲ, ಕೇಳುತ್ತಿದ್ದ. ನಮ್ಮ ಹಳ್ಳಿಗಳಲ್ಲಿ ಮಗನ ಕಾಗದ ಬಂದರೆ ಮೇಷ್ಟ್ರೋ ಪೋಸ್ಟ್‌ಮ್ಯಾನೋ ಓದಿ ಹೇಳುತ್ತಿದ್ದರಲ್ಲ, ಹಾಗೆ. ಆಮೇಲಿನ ಸಾಲೂ ನಮಗೆ ಪರಿಚಿತ: ಮಾರಿ ಕ್ಷೇಮ, ಅರಮನೆ ಕ್ಷೇಮ. "ಇತ್ತ ಕಡೆ ನಾವೆಲ್ಲ ಕ್ಷೇಮ, ಅತ್ತ ಕಡೆ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು" ಅಂತ ನಮ್ಮ ಅಜ್ಜಂದಿರು ಬರೆಸುತ್ತಿದ್ದರು. ದಂಡಿನಲ್ಲಿದ್ದ ರಾಜನಿಗೆ ಈ ಸಾಲು ಬರೀ ಒಕ್ಕಣೆ ಅಲ್ಲ. ಊರು ಇನ್ನೂ ತನ್ನ ಕೈಯಲ್ಲೇ ಇದೆ ಎಂಬ ಸುದ್ದಿ.

ಜಿಮ್ರಿ-ಲಿಮ್‌ಗೆ ಪತ್ರ ಓದಿ ಹೇಳುತ್ತಿದ್ದವನು ಶು-ನುಹ್ರ-ಹಾಲು. ಇವನಿಗೆ ಬಂದ ಖಾಸಗಿ ಕಾಗದಗಳೂ ಸಿಕ್ಕಿವೆ. ಅಧಿಕಾರಿಗಳು ರಾಜನಿಗೊಂದು ಬರೆದು, ಜೊತೆಗೆ ಇವನಿಗೊಂದು ಬರೆಯುತ್ತಿದ್ದರು: ನನ್ನ ಕಾಗದವನ್ನು ಒಳ್ಳೆಯ ಹೊತ್ತು ನೋಡಿ ಓದು, ನನ್ನ ಪರವಾಗಿ ಒಂದು ಮಾತು ಹೇಳು. ಉಡುಗೊರೆಗಳೂ ಬರುತ್ತಿದ್ದವು. ಓದುಗರೇ, ನೀವು "ಆಡಳಿತ ಯಾರ ಕೈಯಲ್ಲಿ" ಅಂತ ಕೇಳಿದಿರಿ. ಸ್ವಲ್ಪ ಭಾಗ ಖಂಡಿತ ಇವನ ಕೈಯಲ್ಲಿ, ಅಥವಾ ಇವನ ನಾಲಿಗೆಯಲ್ಲಿ.

ಪತ್ರಕ್ಕಿಂತ ಬೇಗ ಹೋಗುವ ಇನ್ನೊಂದು ದಾರಿಯೂ ಇತ್ತು, ಬೆಂಕಿ. ಬನ್ನುಮ್ ಎಂಬ ಅಧಿಕಾರಿ ಮಾರಿ ಬಿಟ್ಟು ಒಂದು ರಾತ್ರಿ ದಾರಿಯಲ್ಲಿ ತಂಗಿದ್ದಾಗ, ಒಂದೊಂದೇ ಊರಿನಲ್ಲಿ ಬೆಂಕಿ ಏಳುವುದನ್ನು ಕಂಡ. ಯಮಿನ್ ಕುಲದವರ ಊರುಗಳು ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಅದರ ಅರ್ಥ ಏನು ಅಂತ ತಿಳಿಯಲಿಲ್ಲ. ತಿಳಿದು ಬರೆಯುತ್ತೇನೆ, ಅಷ್ಟರಲ್ಲಿ ಮಾರಿಯ ಕಾವಲು ಬಿಗಿ ಮಾಡಿಸಿ, ಒಡೆಯ ಬಾಗಿಲು ದಾಟದಿರಲಿ ಅಂತ ಬರೆದ. ಬೆಂಕಿ ಏನೋ ಆಗಿದೆ ಅಂತ ಮಾತ್ರ ಹೇಳುತ್ತದೆ. ಏನಾಗಿದೆ ಅನ್ನಲು ಕಾಗದವೇ ಬೇಕು.

ಇನ್ನು ರಾಣಿಯ ವಿಷಯ. ಶಿಬ್ತು ಹೆಸರಿಗೆ ಮಾತ್ರ ರಾಣಿ ಆಗಿರಲಿಲ್ಲ. ಇದಕ್ಕೆ ಒಂದು ಬೀಗದ ಕಥೆ ಸಾಕು. ಬೀಗ ಅಂದರೆ ಆ ಕಾಲದ್ದು: ಬಾಗಿಲಿನ ಹಗ್ಗದ ಮೇಲೆ ಹಸಿಮಣ್ಣು ಮೆತ್ತಿ ಮುದ್ರೆ ಒತ್ತುವುದು. ರಾಜನಿಗೆ ಅರಮನೆಯಲ್ಲಿದ್ದ ಕೆಲವು ಹಲಗೆಗಳು ಬೇಕಾದವು. ಒಬ್ಬ ಮನುಷ್ಯನನ್ನು ಕಳಿಸಿ, ಅವನು ತೋರಿಸುವ ಜಾಗದಿಂದ ನಂಬಿಗಸ್ತರ ಕೈಯಲ್ಲಿ ತೆಗೆಸಿಡು ಅಂತ ಶಿಬ್ತುವಿಗೆ ಬರೆದ. ಅವಳು ಮುಕನ್ನಿಶುಮ್ ಮತ್ತಿತರರನ್ನು ಜೊತೆಗೆ ಕಳಿಸಿದಳು. ಬೇರೆ ಅಧಿಕಾರಿಯ ಮುದ್ರೆಯಿದ್ದ ಬಾಗಿಲು ತೆರೆದು ಎರಡು ಬುಟ್ಟಿ ತಂದರು. ಬುಟ್ಟಿಗಳು ಅವುಗಳ ಮುದ್ರೆಯ ಸಮೇತ ನನ್ನ ಹತ್ತಿರ ಇವೆ, ಒಡೆಯ ಬರುವ ತನಕ ಇಲ್ಲೇ ಇರುತ್ತವೆ, ತೆರೆದ ಬಾಗಿಲಿಗೆ ನನ್ನದೇ ಮುದ್ರೆ ಒತ್ತಿದ್ದೇನೆ ಅಂತ ಅವಳು ತಿಳಿಸಿದಳು. ರಾಜ್ಯದ ದಫ್ತರದ ಬಾಗಿಲಿಗೆ ರಾಣಿಯ ಮುದ್ರೆ. ಅವಳು ಬಾರದೆ ಇನ್ನು ಅದನ್ನು ಯಾರೂ ತೆಗೆಯುವ ಹಾಗಿಲ್ಲ.

ಕಾಯಿಲೆಯ ಪತ್ರ ಇನ್ನೂ ದೊಡ್ಡದು. ನನ್ನಮೆ ಎಂಬ ಅರಮನೆಯ ಹೆಂಗಸಿಗೆ ಹುಣ್ಣಿನ ರೋಗ ಬಂದಿದೆ ಅಂತ ರಾಜನಿಗೆ ಗೊತ್ತಾಯಿತು. ಶಿಬ್ತುವಿಗೆ ಬರೆದ: ಅವಳು ಬಹಳ ಹೆಂಗಸರ ಜೊತೆ ಓಡಾಡುತ್ತಾಳೆ. ಅವಳು ಕುಡಿದ ಬಟ್ಟಲಲ್ಲಿ ಯಾರೂ ಕುಡಿಯಬಾರದು, ಅವಳು ಕೂತ ಪೀಠದ ಮೇಲೆ ಕೂರಬಾರದು, ಮಲಗಿದ ಹಾಸಿಗೆಯಲ್ಲಿ ಮಲಗಬಾರದು. ಈ ರೋಗ ಅಂಟುತ್ತದೆ. ಇನ್ನೊಂದು ಪತ್ರದಲ್ಲಿ, ಅವಳಿಗೆ ಬೇರೆ ಕೋಣೆ ಇರಲಿ ಅಂತಾನೆ. ರೋಗ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಅಂತ ಇಷ್ಟು ಸ್ಪಷ್ಟವಾಗಿ ಹೇಳುವ ಬರಹಗಳಲ್ಲಿ ಇದು ಅತಿ ಹಳೆಯವುಗಳ ಸಾಲಿಗೆ ಸೇರುತ್ತದೆ. ಕೊರೊನಾ ಸಮಯದಲ್ಲಿ ನಾನು ಇದನ್ನು ಮತ್ತೆ ಓದಿದೆ, ಬಟ್ಟಲು, ಪೀಠ, ಹಾಸಿಗೆ ಎನ್ನುವ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ. ಯುದ್ಧದ ನಡುವಿನಿಂದ ರಾಜ ಬರೆಯಬಹುದು. ಆದರೆ ಅಷ್ಟು ದೊಡ್ಡ ಅರಮನೆಯಲ್ಲಿ ಯಾವ ಬಟ್ಟಲು ಯಾರದ್ದು ಅಂತ ದಿನಾ ನೋಡುವವರು ಯಾರು? ಶಿಬ್ತು.

ಓದಲು ಸಂಕಟವಾಗುವ ಪತ್ರಗಳೂ ಇವೆ. ಸೆರೆಸಿಕ್ಕ ಹೆಂಗಸರನ್ನು ರಾಜ ಊರಿಗೆ ಕಳಿಸುತ್ತಿದ್ದ, ನೇಯ್ಗೆಯ ಕೆಲಸಕ್ಕೆ. ಅವರಲ್ಲಿ ದೇವರ ಸೇವೆಗೆ ಸೇರಿದವರನ್ನು ಬೇರೆ ಮಾಡು, ಕೆಲವರನ್ನು ಅಡಿಯಿಂದ ಮುಡಿಯವರೆಗೆ ಕುಂದಿಲ್ಲದವರನ್ನು ನೋಡಿ ಹಾಡು-ಕುಣಿತ ಕಲಿಯಲು ಹಾಕು, ಅವರ ಊಟ ಕಡಿಮೆಯಾಗದಂತೆ ನೋಡಿಕೋ ಅಂತ ಶಿಬ್ತುವಿಗೆ ಬರೆದ. ಅಷ್ಟರಲ್ಲಿ ಮನಸ್ಸು ಬದಲಾಯಿತು. ನನ್ನ ಎದುರಿಗೇ ಇನ್ನೂ ಸೆರೆಯಾಳುಗಳಿದ್ದಾರೆ, ಇಲ್ಲಿಂದ ನಾನೇ ಆರಿಸಿ ಕಳಿಸುತ್ತೇನೆ ಅಂತ ಇನ್ನೊಂದು ಕಾಗದ. ಒಂದು ಕಾಗದ ತಲುಪುವ ಹೊತ್ತಿಗೆ ಇನ್ನೊಂದು ಹಿಂದೆಯೇ ಬರುತ್ತಿದೆ. ಆ ಹೆಂಗಸರ ಬದುಕು ಎರಡು ಕಾಗದಗಳ ನಡುವೆ ಸಿಕ್ಕಿಕೊಂಡಿತ್ತು. ಅವರ ಮಾತು ಮಾತ್ರ ಯಾವ ಹಲಗೆಯ ಮೇಲೂ ಇಲ್ಲ.

ಶಕುನ ಕೇಳಿಸುವುದೂ ರಾಣಿಯ ಕೆಲಸ. ಎಕಲ್ಲಾತುಮ್‌ನ ರಾಜ ಇಶ್ಮೆ-ದಗಾನ್ ಜೊತೆ ಜಗಳ ಇದ್ದಾಗ ಶಿಬ್ತು ಒಬ್ಬ ಗಂಡಸಿಗೆ, ಒಬ್ಬ ಹೆಂಗಸಿಗೆ ಕುಡಿಸಿ, ದಂಡಯಾತ್ರೆ ಏನಾಗುತ್ತದೆ ಅಂತ ಕೇಳಿದಳು. ಒಡೆಯನಿಗೆ ಗೆಲುವು, ಶತ್ರುವಿಗೆ ಸೋಲು ಎಂಬ ಉತ್ತರ ಬಂತು. ಬರೆದು ಕಳಿಸುವಾಗ ಅವಳಿಗೇ ಒಂದು ಅಳುಕು. "ಅವಳೇ ಹೇಳಿಸಿರಬೇಕು ಅಂತ ಒಡೆಯ ಅಂದಾನು. ನಾನೇನೂ ಹೇಳಿಸುತ್ತಿಲ್ಲ, ಅವರೇ ಹೇಳುತ್ತಿದ್ದಾರೆ" ಎಂಬ ಅರ್ಥದ ಮಾತು ಸೇರಿಸಿದ್ದಾಳೆ. ಎದುರಿಗಿದ್ದರೆ ಮುಖ ನೋಡಿ ನಂಬಬಹುದು. ಪತ್ರದಲ್ಲಿ ನಂಬಿಕೆಯನ್ನೂ ಬರೆದೇ ಕೇಳಬೇಕು.

ಮನೆಯ ಮಾತನ್ನು ರಾಜ ಯಾವಾಗಲೂ ಕೇಳಿದನೆಂದಲ್ಲ. ಎಶ್ನುನ್ನಾದ ರಾಜ ಸಂಧಿಗೆ ಬಂದಾಗ, ದಗಾನ್ ದೇವರ ಒಬ್ಬ ಹೆಂಗಸು "ಹುಲ್ಲಿನ ಕೆಳಗೆ ನೀರು ಹರಿಯುತ್ತಿದೆ", ಅಂದರೆ ಒಳಗೊಳಗೇ ಮೋಸ ಇದೆ, ಎಂದು ಎಚ್ಚರಿಸಿದಳು. ಇನಿಬ್-ಶಿನಾ ಎಂಬ ಅರ್ಚಕಿ ಅದನ್ನು ಬರೆದು ತಿಳಿಸಿದಳು. ಜಿಮ್ರಿ-ಲಿಮ್ ಸಂಧಿ ಮಾಡಿಕೊಂಡ.

ಈ ಎಲ್ಲದರ ನಡುವೆ ಶಿಬ್ತು ಅವಳಿ ಮಕ್ಕಳನ್ನು ಹೆತ್ತಳು. ಒಂದು ಗಂಡು, ಒಂದು ಹೆಣ್ಣು, ಒಡೆಯ ಸಂತೋಷಪಡಲಿ ಅಂತ ಬರೆದಳು. ಇನ್ನೊಂದು ಕಾಗದದಲ್ಲಿ, ಒಡೆಯ ಶತ್ರುಗಳನ್ನು ಗೆದ್ದು ನೆಮ್ಮದಿಯಿಂದ ಮಾರಿಗೆ ಬರಲಿ, ನಾನು ಮಾಡಿದ ಈ ಅಂಗಿ, ಮೇಲುಹೊದಿಕೆ ಹೆಗಲಿಗೆ ಹಾಕಿಕೊಳ್ಳಲಿ ಅಂತಾಳೆ.

ಪತ್ರದಿಂದ ರಾಜ್ಯ ನಡೆಸೋದು ಕೆಡುವುದು ಹೇಗೆ ಅಂತಲೂ ಮಾರಿಯಲ್ಲೇ ನೋಡಬಹುದು. ಜಿಮ್ರಿ-ಲಿಮ್‌ಗಿಂತ ಮೊದಲು ಈ ಊರು ಶಮ್ಶಿ-ಅದದ್ ಎಂಬ ದೊಡ್ಡ ರಾಜನ ಕೈಯಲ್ಲಿತ್ತು. ಅವನು ಹಿರಿಮಗ ಇಶ್ಮೆ-ದಗಾನ್‌ನನ್ನು ಎಕಲ್ಲಾತುಮ್‌ನಲ್ಲಿ, ಕಿರಿಮಗ ಯಸ್ಮಹ್-ಅದ್ದುವನ್ನು ಮಾರಿಯಲ್ಲಿ ಕೂರಿಸಿದ್ದ. ಕಿರಿಯವನಿಗೆ ಅಪ್ಪನ ಕಾಗದದ ಮೇಲೆ ಕಾಗದ. ಇನ್ನೂ ಎಷ್ಟು ದಿನ ನಿನ್ನನ್ನು ನಾವು ಕೈಹಿಡಿದು ನಡೆಸಬೇಕು? ನೀನೇನು ಮಗುವಾ, ಗಲ್ಲದ ಮೇಲೆ ಗಡ್ಡ ಇಲ್ಲವಾ? ಅಣ್ಣ ಅಲ್ಲಿ ಶತ್ರುವನ್ನು ಹೊಡೆದಿದ್ದಾನೆ, ನೀನು ಇಲ್ಲಿ ಹೆಂಗಸರ ನಡುವೆ ಬಿದ್ದಿದ್ದೀಯ! ಮಗ "ಅಪ್ಪಾಜಿ" ಅನ್ನುವಂಥ ಸಲಿಗೆಯ ಮಾತಿನಿಂದ ಶುರು ಮಾಡಿ, ಅಪ್ಪನ ಬೈಗುಳವನ್ನೇ ತಿರುಗಿ ಬರೆದು, ನಾನು ಚಿಕ್ಕಂದಿನಿಂದ ನಿಮ್ಮ ಕಣ್ಣೆದುರೇ ಬೆಳೆದವನಲ್ಲವೇ, ನಾನೇ ಬಂದು ನನ್ನ ಸಂಕಟ ಹೇಳಿಕೊಳ್ಳುತ್ತೇನೆ ಅಂತ ಉತ್ತರಿಸಿದ್ದಾನೆ. ಓದಿದರೆ ಪಾಪ ಅನಿಸುತ್ತದೆ. ಎಲ್ಲರೂ ಈ ಮಗನನ್ನು ಸೋಮಾರಿ ಅಂತ ತಳ್ಳಿಹಾಕುತ್ತಾರೆ. ನನಗೆ ತಪ್ಪು ಅರ್ಧದಷ್ಟು ಅಪ್ಪನದೂ ಅನಿಸುತ್ತದೆ. ಸಣ್ಣದಕ್ಕೂ ದೊಡ್ಡದಕ್ಕೂ ಅಪ್ಪನ ಕಾಗದ ಬರುತ್ತಿದ್ದರೆ ಮಗ ಯಾವಾಗ ತಾನೇ ಸಿಂಹವನ್ನು ದೋಣಿಗೆ ಹತ್ತಿಸುವುದು ಕಲಿಯುತ್ತಾನೆ? ಅಪ್ಪ ಸತ್ತ ಮೇಲೆ ಯಸ್ಮಹ್-ಅದ್ದು ಮಾರಿಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಆ ಗದ್ದುಗೆಗೇ ಜಿಮ್ರಿ-ಲಿಮ್ ಬಂದದ್ದು.

ಜಿಮ್ರಿ-ಲಿಮ್‌ನ ಕೊನೆ ಬಂದದ್ದು ಸ್ನೇಹಿತನಿಂದ. ಬಾಬಿಲೋನಿನ ಹಮ್ಮುರಾಬಿಗೆ ಅವನು ದಂಡು ಕಳಿಸಿ ನೆರವಾಗಿದ್ದ. ಅದೇ ಹಮ್ಮುರಾಬಿ ಕ್ರಿ.ಪೂ. ಸುಮಾರು 1761ರಲ್ಲಿ ಮಾರಿಯನ್ನು ಹಿಡಿದ. ಅವನ ಗುಮಾಸ್ತರು ಅರಮನೆಯ ದಫ್ತರಕ್ಕೆ ಹೋಗಿ ಕೂತು, ಪತ್ರಗಳನ್ನೆಲ್ಲ ವಿಂಗಡಿಸಿದರು. ಬುಟ್ಟಿಗಳಿಗೆ ಮಣ್ಣಿನ ಚೀಟಿ ಕಟ್ಟಿದರು: ಇವು ಜಿಮ್ರಿ-ಲಿಮ್‌ನ ಸೇವಕರ ಹಲಗೆಗಳು, ಇವು ಶಮ್ಶಿ-ಅದದ್‌ನ ಸೇವಕರವು. ಚೀಟಿಗಳ ಮೇಲೆ ಹಮ್ಮುರಾಬಿಯ 32ನೇ ವರ್ಷದ ತಾರೀಖು ಇದೆ. ದೊಡ್ಡ ರಾಜರ ಪತ್ರಗಳು, ಅದರಲ್ಲೂ ಹಮ್ಮುರಾಬಿಯದೇ ಪತ್ರಗಳು, ಅಲ್ಲಿ ಸಿಕ್ಕಿದ್ದು ತೀರಾ ಕಡಿಮೆ. ಅವನ್ನು ಆರಿಸಿ ಬಾಬಿಲೋನಿಗೆ ಒಯ್ದರು ಅಂತ ವಿದ್ವಾಂಸರು ಹೇಳುತ್ತಾರೆ. ಎರಡು ವರ್ಷದ ಮೇಲೆ ಹಮ್ಮುರಾಬಿ ಊರಿನ ಕೋಟೆ ಕೆಡವಿಸಿದ, ಅರಮನೆಯೂ ಕುಸಿಯಿತು. ಅಂಗಿಯ ಕಾಗದ, ಅವಳಿ ಮಕ್ಕಳ ಕಾಗದ, ಅಟ್ಟದ ಮೇಲಿನ ಸಿಂಹದ ಕಾಗದ ಯಾವ ರಾಜನಿಗೂ ಬೇಕಾಗಿರಲಿಲ್ಲ. ಅವು ಬಿದ್ದ ಗೋಡೆಗಳ ಕೆಳಗೆ, ಇದ್ದಲ್ಲೇ ಉಳಿದವು.